ಹಿತ್ತಿಲಿಗೆ ಬಂದ ನವಿಲು



ನವಿಲೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಮುಗಿಲು ಕವಿದಿದೆ, ದೂರದಲ್ಲಿ ಗುಡುಗು ಕೇಳುತ್ತಿದೆ, ಹಸುರು ತಪ್ಪಲಿನಲ್ಲಿ ಗರಿಗೆದರಿದ ಹಕ್ಕಿಯೊಂದು ಮೆಲ್ಲಮೆಲ್ಲನೆ ಸುತ್ತು ತಿರುಗುತ್ತಿದೆ. ಕುಮಾರಸ್ವಾಮಿಯ ವಾಹನವಾಗಿ, ಶ್ರೀಕೃಷ್ಣನ ಮುಡಿಯ ಗರಿಯಾಗಿ, ಸೀರೆಯ ಸೆರಗಿನ ಚಿತ್ತಾರವಾಗಿ, ದರ್ಗಾದಲ್ಲಿ ಫಕೀರರು ತಲೆಯ ಮೇಲೆ ಆಡಿಸುವ ಕುಂಚವಾಗಿ ನಾವು ಅದನ್ನು ಎಳೆತನದಿಂದಲೂ ಬಲ್ಲೆವು. ಸಂಗೀತಶಾಸ್ತ್ರವನ್ನು ಬರೆದ ಹಿರಿಯರು ಸಪ್ತಸ್ವರಗಳಲ್ಲಿ ಮೊದಲನೆಯದಾದ ಷಡ್ಜಕ್ಕೆ ನವಿಲಿನ ದನಿಯನ್ನೇ ಹೋಲಿಕೆಯಾಗಿ ಕೊಟ್ಟಿದ್ದಾರೆ. ಇವೆಲ್ಲವೂ ದೂರದಿಂದ ಕಂಡ ನವಿಲು. ಇಂದು ನಾವು ತಮ್ಮೊಡನೆ ಮಾತನಾಡಬೇಕೆಂದಿರುವುದು ಹತ್ತಿರದ ನವಿಲನ್ನು ಕುರಿತು. ಬೆಳಗಿನ ಐದು ಗಂಟೆಗೆ ಮಾಳಿಗೆಯ ಮೇಲೆ ನಿಂತು ಮನೆಮಂದಿಯನ್ನೆಲ್ಲ ಎಬ್ಬಿಸುವ, ಮೆಂತ್ಯೆಯ ಮಡಿಯೊಂದನ್ನು ಅರ್ಧಗಂಟೆಯಲ್ಲಿ ಬರಿದು ಮಾಡುವ, ಓಡಿಸಿದರೆ ಬೇವಿನ ಮರವನ್ನೇರಿ ನಾವು ಒಳಗೆ ಹೋಗುವುದನ್ನೇ ಕಾದು ಕುಳಿತಿರುವ ನವಿಲನ್ನು ಕುರಿತು. ಅಂತಹ ನವಿಲಿನೊಡನೆ ಮನುಷ್ಯನು ಹೇಗೆ ನಡೆದುಕೊಳ್ಳಬೇಕೆಂಬುದು ನಾವು ಪುಸ್ತಕದಿಂದ ಕಲಿತ ಪಾಠವಲ್ಲ. ತಪ್ಪು ಮಾಡಿ, ಆ ತಪ್ಪಿನ ಬೆಲೆಯನ್ನು ಬೇರೊಬ್ಬರು ತೆತ್ತುದನ್ನು ಕಂಡು ಕಲಿತ ಪಾಠ. ಆದುದರಿಂದಲೇ ಅದನ್ನು ಬಿಚ್ಚಿ ಹೇಳಬೇಕೆನಿಸಿದೆ.

ನಮ್ಮ ಹಿರಿಯರ ಮನೆ ಇರುವುದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಹವಳಗಾ ಗ್ರಾಮದಲ್ಲಿ. ಇದು ಭೀಮಾ ನದಿಯ ಸೀಮೆ. ಕರಿಯ ಎರೆಭೂಮಿ, ತೊಗರಿ, ಜೋಳ, ಹತ್ತಿಗಳ ನಾಡು. ನೀರಾವರಿ ಬಂದ ಕಡೆ ಕಬ್ಬು ಬೆಳೆಯುತ್ತದೆ. ಅದನ್ನು ಅರೆಯುವ ಸಕ್ಕರೆ ಕಾರ್ಖಾನೆಯೂ ಹವಳಗಾದಲ್ಲಿಯೇ ಉಂಟು. ಹೊಲದ ಬದುಗಳಲ್ಲಿ ಬೇವು, ಜಾಲಿ, ಬನ್ನಿಯ ಮರಗಳು. ಹಳ್ಳದ ದಂಡೆಗಳಲ್ಲಿ ಮುಳ್ಳುಪೊದೆಗಳು. ನಮ್ಮ ತಾಯಿಯವರು ಈಗಲೂ ಆ ಮನೆಯಲ್ಲಿಯೇ ಇದ್ದಾರೆ. ಮನೆಯ ಹಿಂದಿನ ಹಿತ್ತಿಲಿನಲ್ಲಿ ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ, ಕೊತ್ತಂಬರಿ, ಬದನೆ, ನಾಲ್ಕು ಸಾಲು ಉಳ್ಳಾಗಡ್ಡಿ, ಇಷ್ಟನ್ನು ಅವರು ವರ್ಷದುದ್ದಕ್ಕೂ ಬೆಳೆಯುತ್ತಾರೆ. ನಾವು ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವರು. ಶನಿವಾರದ ಸಂಜೆ ಊರಿಗೆ ಹೋಗಿ ಸೋಮವಾರದ ಬೆಳಿಗ್ಗೆ ಹಿಂದಿರುಗುವವರು. ಬೇಸಿಗೆಯ ರಜೆಯನ್ನು ಮಾತ್ರ ಪೂರ್ತಿಯಾಗಿ ಅಲ್ಲಿಯೇ ಕಳೆಯುವುದು ವಾಡಿಕೆ.

ಇಂತಹ ಊರಿಗೆ ನವಿಲು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದು ದಟ್ಟವಾದ ಅಡವಿಯ ಹಕ್ಕಿಯಲ್ಲ. ಬಯಲು, ಪೊದೆ, ಹೊಲ, ಹಳ್ಳ ಇವು ಒಂದಕ್ಕೊಂದು ತಾಗಿಕೊಂಡಿರುವ ಕಡೆ ಅದಕ್ಕೆ ಹೆಚ್ಚಿನ ಸೊಗಸು. ಹಗಲು ಮೇಯಲು ಬಯಲು, ಅಡಗಲು ಪೊದೆ, ಕುಡಿಯಲು ನೀರು, ರಾತ್ರಿ ಕೂರಲು ಎತ್ತರದ ಮರ. ಈ ನಾಲ್ಕು ದೊರೆತರೆ ಸಾಕು. ಎತ್ತರಕ್ಕೆ ಬೆಳೆದ ಕಬ್ಬು ಅದಕ್ಕೆ ಮರೆಯಾಗುತ್ತದೆ. ಬೇಸಿಗೆಯ ಬಿಸಿಲಿಗೆ ನಮ್ಮ ಸೀಮೆಯ ಎರೆ ಬಿರಿದು ಬಾಯಿ ತೆರೆದಾಗ ಹೊಲದಲ್ಲಿ ಹಸುರೆಂಬುದೇ ಉಳಿಯುವುದಿಲ್ಲ. ಆಗ ನೀರು ಹಾಯಿಸಿದ ಹಿತ್ತಿಲು ಯಾವ ಹಕ್ಕಿಯ ಕಣ್ಣಿಗಾದರೂ ಬೀಳದೆ ಇರದು. ನರಿ, ಕಾಡುಬೆಕ್ಕು ಮೊದಲಾದ ವೈರಿಗಳು ಊರಿನ ಸುತ್ತ ಕಡಮೆಯಾಗಿರುವುದೂ, ಬೇಟೆಯ ಭಯ ಕುಗ್ಗಿರುವುದೂ ಅದಕ್ಕೆ ಧೈರ್ಯ ತಂದಿರಬೇಕು. ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು 2020ರಲ್ಲಿಯೂ 2023ರಲ್ಲಿಯೂ ಹೊರಬಂದ ವರದಿಗಳು, ಅನೇಕ ಹಕ್ಕಿಗಳ ಸಂಖ್ಯೆ ಇಳಿಯುತ್ತಿರುವಾಗ ನವಿಲಿನ ಸಂಖ್ಯೆ ದೇಶದಲ್ಲಿ ಏರುತ್ತಿದೆಯೆಂದು ತಿಳಿಸಿವೆ. ಎಂದಮೇಲೆ ಇದು ನಮ್ಮೊಬ್ಬರ ಹಿತ್ತಿಲಿನ ಕಥೆಯಲ್ಲ.

ಇನ್ನು ನಮ್ಮ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ, ಒಂದು ಬೆಳಿಗ್ಗೆ, ಹಿತ್ತಿಲಿನ ಗೋಡೆಯ ಮೇಲೆ ಎರಡು ಹೆಣ್ಣು ನವಿಲುಗಳೂ ಒಂದು ಗಂಡು ನವಿಲೂ ಬಂದು ಕುಳಿತವು. ನಮಗಾದ ಸಂತೋಷ ಅಷ್ಟಿಷ್ಟಲ್ಲ. ಒಳಗೆ ಓಡಿ ಬೊಗಸೆ ತುಂಬ ಜೋಳ ತಂದು ಚೆಲ್ಲಿದೆವು. ಮಾರನೆಯ ದಿನವೂ ಬಂದವು. ಮಾರನೆಯ ದಿನವೂ ಚೆಲ್ಲಿದೆವು. ಹದಿನೈದು ದಿನಗಳೊಳಗೆ ಮೂರು ಹೋಗಿ ಒಂಬತ್ತಾದವು. ಕಲಬುರಗಿಯಿಂದ ಸ್ನೇಹಿತರು ಬಂದರು, ಭಾವಚಿತ್ರ ತೆಗೆದರು, ನಮ್ಮ ಔದಾರ್ಯವನ್ನು ಹೊಗಳಿದರು. ನಮ್ಮ ತಾಯಿಯವರು ಮಾತ್ರ ಒಂದು ಮಾತು ಹೇಳಿದ್ದರು: “ಇವತ್ತ ಹಾಕ್ತಿ, ನಾಳಿಗಿ ಕಾಲೇಜಿಗಿ ಹೋಗ್ತಿ. ಆ ಮ್ಯಾಲ ಅವಕ್ಕ ಯಾರು ಹಾಕ್ಬೇಕಪ್ಪಾ?” ಆ ಪ್ರಶ್ನೆಯನ್ನು ನಾವು ನಗೆಯಲ್ಲಿ ತೇಲಿಸಿಬಿಟ್ಟೆವು.

ಮೃಗಶಿರೆಯ ಮಳೆ ಬಿತ್ತು, ಕಾಲೇಜು ತೆರೆಯಿತು, ನಾವು ಹೊರಟುಬಂದೆವು. ಜೋಳ ನಿಂತಿತು, ನವಿಲು ನಿಲ್ಲಲಿಲ್ಲ. ಎರಡು ತಿಂಗಳ ಕಾಲ ಮನುಷ್ಯರ ಕೈಯಿಂದ ತಿಂದ ಹಕ್ಕಿಗೆ ಮನುಷ್ಯರ ಭಯ ಹೋಗಿತ್ತು. ಮೊದಲು ಹಿತ್ತಿಲಿನ ಸೊಪ್ಪನ್ನು ಮುಗಿಸಿದವು. ಆಮೇಲೆ ಗೋಡೆಯ ಆಚೆಗಿದ್ದ ನೆರೆಯವರ ತುಂಡು ಹೊಲಕ್ಕೆ ಇಳಿದವು. ಆ ನೆರೆಯವರು ವಯಸ್ಸಾದವರು. ನಾವು ಅವರನ್ನು ಕಾಕಾ ಎಂದು ಕರೆಯುವುದು. ಇದ್ದ ಅಷ್ಟು ನೆಲದಲ್ಲಿ ಅವರು ಆ ವರ್ಷ ಮೆಣಸಿನ ಸಸಿ ನೆಟ್ಟಿದ್ದರು. ಸಸಿ ಬೇರೂರುವ ಮುನ್ನವೇ ನವಿಲುಗಳು ಅದರ ಎಳೆಯ ಚಿಗುರನ್ನು ಕುಡಿಕಿದವು. ಹುಳುಗಳಿಗಾಗಿ ಬುಡವನ್ನು ಕೆದರಿದವು. ಕಾಕಾ ಮತ್ತೆ ಸಸಿ ತಂದು ನೆಟ್ಟರು. ಮತ್ತೆ ಅದೇ ಗತಿಯಾಯಿತು.

ಒಂದು ಶನಿವಾರದ ಸಂಜೆ ನಾವು ಊರಿಗೆ ಹೋದಾಗ ಕಾಕಾ ತಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ. ಅದರಲ್ಲಿ ನೆನೆಹಾಕಿದ ಜೋಳ. ಆ ವಾಸನೆ ಬರಿಯ ಜೋಳದ್ದಲ್ಲವೆಂದು ಹತ್ತಿರ ಹೋದಾಗ ತಿಳಿಯಿತು. ನಮ್ಮ ಮುಖವನ್ನು ನೋಡಿ ಅವರು ಏನನ್ನೂ ಮುಚ್ಚಿಡಲಿಲ್ಲ. “ಮಾಸ್ತರ, ನೀವು ನೋಡ್ಲಾಕ ಕಾಳು ಹಾಕಿದ್ರಿ. ಅವು ಹೊಟ್ಟಿ ತುಂಬಿಸ್ಕೊಳ್ಳಾಕ ನನ್ನ ಹೊಲಕ್ಕ ಬಂದಾವ. ಎರಡು ಸಲ ಸಸಿ ತಂದೀನಿ. ಮೂರನೇದಕ್ಕ ರೊಕ್ಕಿಲ್ಲ,” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಮಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನವಿಲು ರಾಷ್ಟ್ರಪಕ್ಷಿ, ಕೊಂದರೆ ಜೈಲು ಎಂದು ಹೇಳಬಹುದಾಗಿತ್ತು. ಆ ಮಾತು ನಾಲಗೆಯ ತುದಿಗೆ ಬಂದು ಹಿಂದೆ ಸರಿಯಿತು. ಏಕೆಂದರೆ ಆ ಡಬ್ಬಿಯ ಜೋಳಕ್ಕೂ ನಾವು ಬೇಸಿಗೆಯಲ್ಲಿ ಚೆಲ್ಲಿದ ಜೋಳಕ್ಕೂ ಇದ್ದ ಸಂಬಂಧ ಆಗ ನಮಗೆ ನಿಚ್ಚಳವಾಗಿ ಕಂಡಿತು.

1209ರಲ್ಲಿ ಜನ್ನಕವಿ ಬರೆದ ಯಶೋಧರ ಚರಿತೆಯನ್ನು ತಮ್ಮಲ್ಲಿ ಅನೇಕರು ಓದಿರಬಹುದು. ತಾಯಿಯ ಒತ್ತಾಯಕ್ಕಾಗಿ ಅರಸನು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಕ್ತ ಹರಿಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ಮುಂದಿನ ಜನ್ಮದಲ್ಲಿ ಮಗನು ನವಿಲಾಗಿಯೂ ತಾಯಿಯು ನಾಯಿಯಾಗಿಯೂ ಹುಟ್ಟುತ್ತಾರೆ. ತರಗತಿಯಲ್ಲಿ ಈ ಕಥೆಯನ್ನು ವರ್ಷವರ್ಷವೂ ಪಾಠ ಹೇಳಿದ್ದೇವೆ. ನಮ್ಮ ಸಂಗತಿ ಅದಕ್ಕೆ ತಿರುಗುಮುರುಗಾದುದು. ಕೆಟ್ಟ ಸಂಕಲ್ಪ ನಮ್ಮಲ್ಲಿ ಎಳ್ಳಷ್ಟೂ ಇರಲಿಲ್ಲ. ಆದರೂ ಬಡವನೊಬ್ಬನ ಬೆಳೆ ಹೋಯಿತು, ಹಕ್ಕಿಗಳ ಪ್ರಾಣಕ್ಕೆ ಕುತ್ತು ಬಂತು. ಮುಂದಾಲೋಚನೆಯಿಲ್ಲದ ಪ್ರೀತಿಯೂ ಹಿಂಸೆಗೆ ದಾರಿ ಮಾಡಬಹುದೆಂದು ಆ ಸಂಜೆ ನಮಗೆ ಮನವರಿಕೆಯಾಯಿತು. ಸಸಿಯ ಹಣ ನಮ್ಮದೆಂದೆವು. ನವಿಲನ್ನು ದೂರವಿಡುವ ಹೊಣೆಯೂ ನಮ್ಮದೆಂದೆವು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ದನಕರು ನಾಯಿಗಳಿಗೆ ಸಿಕ್ಕದಂತೆ ಆಳವಾದ ಕುಣಿ ತೋಡಿ ಆ ಕಾಳನ್ನು ಹೂಳಿದರು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಹಕ್ಕಿಯ ನಡೆನುಡಿಗಳನ್ನು ಅರಿಯಬೇಕಾಯಿತು.

ನವಿಲಿನ ಬಾಲವೆಂದು ನಾವು ಕರೆಯುವುದು ನಿಜವಾಗಿ ಬಾಲವಲ್ಲ. ಬಾಲದ ಬುಡವನ್ನು ಮುಚ್ಚುವ ಗರಿಗಳೇ ಅಷ್ಟುದ್ದ ಬೆಳೆದು ಕಲಾಪವಾಗುತ್ತವೆ. ಅವು ಸುಮಾರು 200. ನಿಜವಾದ ಬಾಲ ಕಂದುಬಣ್ಣದ 20 ಗರಿಗಳದ್ದು. ಅದು ಹಿಂದೆ ನಿಂತು ಈ ಭಾರವನ್ನು ಎತ್ತಿಹಿಡಿಯುತ್ತದೆ. ಗರಿಯ ನೀಲಿ ಹಸುರುಗಳು ಬಳಿದ ಬಣ್ಣವೂ ಅಲ್ಲ. ಗರಿಯೊಳಗಿನ ಅತಿ ಸೂಕ್ಷ್ಮವಾದ ರಚನೆ ಬೆಳಕನ್ನು ಒಡೆದು ಹಿಂದಿರುಗಿಸುವುದರಿಂದ ಆ ಬಣ್ಣ ತೋರುತ್ತದೆ. ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ತನ್ನ ಕಲಾಪವನ್ನೆಲ್ಲ ಉದುರಿಸಿ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ದಿಗಂಬರ ಜೈನ ಮುನಿಗಳು ನೆಲದ ಕ್ರಿಮಿಗಳಿಗೂ ನೋವಾಗದಂತೆ ಗುಡಿಸಲು ಹಿಡಿಯುವ ಪಿಂಛ ಇಂತಹ ಉದುರಿದ ಗರಿಗಳದ್ದೇ.

ತೋಟಗಾರನಿಗೆ ಇದಕ್ಕಿಂತ ಮುಖ್ಯವಾದ ಸಂಗತಿಗಳು ಬೇರೆ ಇವೆ. ತೂಕದಲ್ಲಿ ಗಂಡು 4ರಿಂದ 6 ಕಿಲೋಗ್ರಾಂ ಇರುತ್ತದೆ. ಅಷ್ಟು ಭಾರದ ಹಕ್ಕಿ ನೆಲದ ಮೇಲೆ ನಡೆದೇ ಮೇಯುತ್ತದೆ. ಅಗತ್ಯ ಬಿದ್ದಾಗ ಮಾತ್ರ ಹಾರುತ್ತದೆ. ಹಾರಿದರೆ ಆರು ಅಡಿಯ ಗೋಡೆ ಅದಕ್ಕೆ ಲೆಕ್ಕವಲ್ಲ. ಕಾಳು, ಚಿಗುರು, ಹಣ್ಣು, ಹೂವಿನ ಮೊಗ್ಗು, ಮಿಡತೆ, ಗೆದ್ದಲು, ಹಲ್ಲಿ, ಇಲಿ, ಸಣ್ಣ ಹಾವು, ಎಲ್ಲವೂ ಅದಕ್ಕೆ ಆಹಾರ. ಆದುದರಿಂದ ಅದು ತೋಟಕ್ಕೆ ಬರಿಯ ನಷ್ಟವನ್ನೇ ತರುತ್ತದೆಂದು ಹೇಳುವುದು ನ್ಯಾಯವಲ್ಲ. ಅದು ಮೇಯುವುದು ಮುಖ್ಯವಾಗಿ ಬೆಳಗಿನ ಹೊತ್ತು, ಮತ್ತೆ ಹೊತ್ತು ಇಳಿದ ಮೇಲೆ. ನಡುಹಗಲು ನೆರಳಿನಲ್ಲಿ ಕಳೆಯುತ್ತದೆ. ರಾತ್ರಿ ಗುಂಪಾಗಿ ಎತ್ತರದ ಮರವನ್ನೇರುತ್ತದೆ. ಒಮ್ಮೆ ಹಿಡಿಸಿದ ಮರವನ್ನೂ ಒಮ್ಮೆ ಗೊತ್ತಾದ ದಾರಿಯನ್ನೂ ಅದು ಬೇಗ ಬಿಡುವುದಿಲ್ಲ. ಅಭ್ಯಾಸವೇ ಅದರ ಬಲ. ತೋಟಗಾರನಿಗೆ ಅದೇ ಕಷ್ಟ.

ಕಾನೂನಿನ ಮಾತನ್ನೂ ಇಲ್ಲಿ ಹೇಳಿಬಿಡುವುದು ಮೇಲು. 1963ರಲ್ಲಿ ನವಿಲು ಭಾರತದ ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ಎಂದರೆ ಹುಲಿ ಆನೆಗಳಿಗೆ ಇರುವಷ್ಟೇ ರಕ್ಷಣೆ. ಅದನ್ನು ಕೊಲ್ಲುವುದಷ್ಟೇ ಅಲ್ಲ. ವಿಷ ಹಾಕುವುದು, ಉರುಲು ಒಡ್ಡುವುದು, ಹಿಡಿಯುವುದು, ಮೊಟ್ಟೆಯನ್ನು ಒಡೆಯುವುದು ಅಥವಾ ಗೂಡನ್ನು ಕದಲಿಸುವುದು, ಇವೆಲ್ಲವೂ ಆ ಕಾಯಿದೆಯ ಅರ್ಥದಲ್ಲಿ ಬೇಟೆಯೇ. ಶಿಕ್ಷೆ ಮೂರು ವರ್ಷಗಳಿಗೆ ಕಡಮೆಯಿಲ್ಲದ, ಏಳು ವರ್ಷಗಳವರೆಗಿನ ಸೆರೆವಾಸ, ಮೇಲೆ ದಂಡ. ಬೆಳೆ ಹಾಳಾಯಿತೆಂಬ ಕಾರಣ ಅಲ್ಲಿ ನಡೆಯದು. ಆದರೆ ಚಪ್ಪಾಳೆ ತಟ್ಟಿ ಅಟ್ಟುವುದಕ್ಕೂ ಬೆಳೆಯ ಮೇಲೆ ಬಲೆ ಹೊದಿಸುವುದಕ್ಕೂ ಯಾವ ಅಡ್ಡಿಯೂ ಇಲ್ಲ. ತಾನಾಗಿ ಉದುರಿದ ಗರಿಯನ್ನು ಆಯ್ದುಕೊಳ್ಳಬಹುದು, ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೀಗೆ ಕಾಯಿದೆ ನಮ್ಮ ಕೈಯನ್ನು ಕಟ್ಟಿಹಾಕಿಲ್ಲ. ಕೈಯಲ್ಲಿ ಏನಿರಬಾರದೆಂಬುದನ್ನು ಮಾತ್ರ ಹೇಳಿದೆ.

ಇನ್ನು ನಾವು ಮಾಡಿದ ಉಪಾಯಗಳು. ಮೊದಲನೆಯದು ಕಾಳು ಹಾಕುವುದನ್ನು ನಿಲ್ಲಿಸಿದ್ದು. ಇದರ ಜೊತೆಗೆ, ಗೊತ್ತಿಲ್ಲದೆ ಹಾಕುತ್ತಿದ್ದುದನ್ನೂ ನಿಲ್ಲಿಸಬೇಕಾಯಿತು. ನಾಯಿಯ ತಟ್ಟೆಯಲ್ಲಿ ಉಳಿದ ಅನ್ನ, ಕೋಳಿಗೆ ಚೆಲ್ಲಿದ ನುಚ್ಚು, ತಿಪ್ಪೆಗೆ ಎಸೆದ ಕಾಯಿಪಲ್ಯದ ಸಿಪ್ಪೆ, ಅಂಗಳದಲ್ಲಿ ಒಣಹಾಕಿದ ತೊಗರಿ, ಇವೆಲ್ಲವೂ ನವಿಲಿನ ಕಣ್ಣಿಗೆ ಬಡಿಸಿಟ್ಟ ಎಲೆಯೇ. ತೊಟ್ಟಿಗೆ ಮುಚ್ಚಳ ಮಾಡಿಸಿದೆವು. ಗುಬ್ಬಿ ಗೊರವಂಕಗಳಿಗೆಂದು ಮರಕ್ಕೆ ಕಟ್ಟಿದ ಸಣ್ಣ ಮಣ್ಣಿನ ಬೋಗುಣಿ ಮಾತ್ರ ಹಾಗೆಯೇ ಇದೆ.

ಎರಡನೆಯದು ಬಲೆ. ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ಮಡಿಯ ಉದ್ದಕ್ಕೂ ನೆಟ್ಟು, ಅದರ ಮೇಲೆ ಬಲೆಯನ್ನು ಬಿಗಿಯಾಗಿ ಎಳೆದು, ಅಂಚಿಗೆ ಕಲ್ಲು ಹೇರಿದೆವು. ಬಿಗಿಯಾಗಿ ಎಂಬ ಮಾತಿಗೆ ತಾವು ಗಮನ ಕೊಡಬೇಕು. ಸಡಿಲವಾದ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ. ಹಾವು ಓತಿಗಳೂ ಸಿಕ್ಕಿ ಸಾಯುತ್ತವೆ. ಕಣ್ಣು ಚಿಕ್ಕದಾದ ಬಲೆ ಒಳ್ಳೆಯದು. ದಿನಕ್ಕೊಮ್ಮೆ ಅದನ್ನು ನೋಡಿ ಬರುವುದು ಕಡ್ಡಾಯ. ಎಳೆಯ ಸೊಪ್ಪಿಗೆ ಇದಕ್ಕಿಂತ ನೆಚ್ಚಿಗೆಯ ಉಪಾಯವನ್ನು ನಾವು ಕಂಡಿಲ್ಲ.

ಮೂರನೆಯದು ನಮ್ಮ ತಾಯಿಯವರದು. ಬಲೆ ಕೊಳ್ಳಲಾರದವರಿಗೆ ಇದೇ ಸಾಕು. ಬೀಜ ಬಿತ್ತಿದ ಮಡಿಯ ಮೇಲೆ ಜಾಲಿಯ ಮುಳ್ಳುಕೊಂಬೆಗಳನ್ನು ಹರಡಿ, ಸಸಿ ಗೇಣುದ್ದ ಏಳುವವರೆಗೆ ಬಿಡುವುದು. ನವಿಲು ನಡೆದು ಮೇಯುವ ಹಕ್ಕಿಯಾದುದರಿಂದ ಕಾಲಿಡಲು ಎಡೆಯಿಲ್ಲದ ಕಡೆಗೆ ಬರುವುದಿಲ್ಲ. ಬದನೆ ಮೆಣಸುಗಳ ಸಸಿಯನ್ನು ಅಂಗಳದ ಮಡಿಯಲ್ಲಿ ಬೆಳೆಸಿ, ಗಟ್ಟಿಯಾದ ಮೇಲೆ ಹೊರಗೆ ನೆಟ್ಟರೆ ಮುಕ್ಕಾಲು ಕಂಟಕ ಕಳೆದಂತೆ. ಕೂಸಿನ ಕಾಲದಲ್ಲಿ ಕಾಯ್ದರೆ ಬೆಳೆದ ಗಿಡ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ.

ನಾಲ್ಕನೆಯದು ಗೋಡೆಯ ಮೇಲಿನ ಹಗ್ಗ. ಹಿತ್ತಿಲಿಗೆ ಬರುವ ನವಿಲು ನೇರವಾಗಿ ಒಳಗೆ ಇಳಿಯುವುದಿಲ್ಲ. ಮೊದಲು ಗೋಡೆಯ ಮೇಲೆ ಕುಳಿತು ನಾಲ್ಕು ಕಡೆ ನೋಡುತ್ತದೆ. ಗೋಡೆಯ ಮೇಲೆ ಗೂಟ ನೆಟ್ಟು, ಒಂದು ಗೇಣು ಎತ್ತರದಲ್ಲಿಯೂ ಎರಡು ಗೇಣು ಎತ್ತರದಲ್ಲಿಯೂ ಜೋಲಾಡುವಂತೆ ಹಗ್ಗ ಕಟ್ಟಿದೆವು. ಕೂರಲು ಹೋದರೆ ಕಾಲಿಗೆ ತೊಡಕು, ರೆಕ್ಕೆಗೆ ತಡೆ. ಎಲ್ಲ ನವಿಲುಗಳೂ ನಿಂತುವೆಂದು ಹೇಳಲಾರೆವು. ಬರುವುದು ಕಡಮೆಯಾದುದು ನಿಜ.

ಹೆದರಿಸುವ ಉಪಾಯಗಳು ಅಷ್ಟಾಗಿ ಫಲ ಕೊಡಲಿಲ್ಲ. ಹೊಳೆಯುವ ಪಟ್ಟಿ ಮೂರು ದಿನ ನಡೆಯಿತು; ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆಯ ತಲೆಯ ಮೇಲೆಯೇ ನಾಲ್ಕನೆಯ ದಿನ ಒಂದು ಹೆಣ್ಣು ಕುಳಿತಿದ್ದನ್ನು ಕಂಡೆವು. ಇಂತಹವನ್ನು ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಒಂದಿಷ್ಟು ಉಪಯೋಗ. ಕನ್ನಡಿಯನ್ನು ಮಾತ್ರ ಯಾರೂ ಕಟ್ಟಬೇಡಿರಿ. ಕೂಡುವ ಋತುವಿನಲ್ಲಿ ಗಂಡು ತನ್ನ ಪ್ರತಿಬಿಂಬವನ್ನು ಎದುರಾಳಿಯೆಂದು ತಿಳಿದು ಅದರೊಡನೆ ಕಾದಾಡುತ್ತದೆ. ನಮ್ಮ ಸ್ನೇಹಿತರೊಬ್ಬರ ಕಾರಿನ ಬಾಗಿಲಿಗೆ ಬಿದ್ದ ಗೀರುಗಳು ಇಂತಹ ದ್ವಂದ್ವಯುದ್ಧದ ಗುರುತುಗಳು. ಅದಕ್ಕೆ ಮದ್ದು ಸುಲಭ: ಹೊಳೆಯುವ ಮೈಯ ಮೇಲೆ ಒಂದು ಹಚ್ಚಡ ಹೊದಿಸಿದರೆ ಯುದ್ಧ ಮುಗಿಯಿತು. ಪಟಾಕಿ ಹಾರಿಸುವುದು ದನಕರುಗಳಿಗೂ ಕೂಸುಗಳಿಗೂ ತೊಂದರೆ; ಬಣವೆಗಳಿರುವ ಊರಿನಲ್ಲಿ ಅಪಾಯವೂ ಹೌದು. ಬೇವಿನ ಮರವನ್ನು ಕಡಿಸಿಬಿಡಿರೆಂದು ಹೇಳಿದವರೂ ಇದ್ದರು. ಮಾಳಿಗೆಯ ಮೇಲೆ ಚಾಚಿದ್ದ ಒಂದು ಕೊಂಬೆಯನ್ನು ತರಿಸಿದೆವು, ಅಷ್ಟೆ. ಬೇಸಿಗೆಯಲ್ಲಿ ನಮಗೂ ಆ ನೆರಳು ಬೇಕು.

ಎಲ್ಲಕ್ಕಿಂತ ಮಿಗಿಲಾದ ಉಪಾಯ, ಮನುಷ್ಯನು ಅಲ್ಲಿ ಇರುವುದು. ಹಿಂದೆ ನಮ್ಮ ಸೀಮೆಯ ಒಕ್ಕಲಿಗರು ಜೋಳದ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಕವಣೆ ಹಿಡಿದು ಕೂಗುತ್ತ ಹಕ್ಕಿ ಕಾಯುತ್ತಿದ್ದರು. ಆ ವರ್ಷ ಕಾಕಾರವರ ಮೆಣಸು ಬೇರೂರುವ ತನಕ, ಶನಿವಾರ ಭಾನುವಾರಗಳಂದು ನಾವೂ ಉಳಿದ ದಿನಗಳಲ್ಲಿ ನಮ್ಮ ಖರ್ಚಿನಲ್ಲಿ ಗೊತ್ತುಮಾಡಿದ ಒಬ್ಬ ಹುಡುಗನೂ, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಆ ಬದುವಿನ ಮೇಲೆ ಅಡ್ಡಾಡಿದೆವು. ಕೈಯಲ್ಲಿ ತಗಡಿನ ಡಬ್ಬಿ ಮತ್ತು ಕೋಲು. ಹಕ್ಕಿಗಳನ್ನು ಹೊಡೆಯಲಿಲ್ಲ, ಬೆನ್ನಟ್ಟಿ ಓಡಲಿಲ್ಲ. ಇಲ್ಲಿ ನಿಮಗೆ ಮೇವಿಲ್ಲವೆಂದು ತಿಳಿಸಿದೆವು. ಕೆಲವು ವಾರಗಳಲ್ಲಿ ಹಿಂಡು ಹಳ್ಳದ ಕಡೆಗೆ ಸರಿಯಿತು. ಬೊಗಸೆ ಜೋಳ ಚೆಲ್ಲುವುದಕ್ಕೆ ಹಿಡಿದದ್ದು ಒಂದು ಗಳಿಗೆ. ಅದನ್ನು ತಿದ್ದುವುದಕ್ಕೆ ಒಂದು ಮಳೆಗಾಲವೇ ಹಿಡಿಯಿತು.

ಇಷ್ಟಾದ ಮೇಲೆ, ಮರುವರ್ಷದ ಆಷಾಢದಲ್ಲಿ, ಒಂದು ಪರೀಕ್ಷೆ ಬಂತು. ನಮ್ಮ ಹಿತ್ತಿಲಿನ ಮೂಲೆಯಲ್ಲಿ ಉರುವಲಿಗೆಂದು ಒಟ್ಟಿದ ತೊಗರಿ ಕಟ್ಟಿಗೆಯ ಬಣವೆಯಿದೆ. ಅದರ ಹಿಂದೆ, ಗೋಡೆಗೂ ಬಣವೆಗೂ ನಡುವಿನ ಸಂದಿಯಲ್ಲಿ, ಒಂದು ಹೆಣ್ಣು ನೆಲವನ್ನು ಕೊಂಚ ಕೆದರಿ ಐದು ಮೊಟ್ಟೆಯಿಟ್ಟಿತ್ತು. ನವಿಲು ಮರದ ಮೇಲೆ ಗೂಡು ಕಟ್ಟುವುದಿಲ್ಲ. ನೆಲದ ಮೇಲೆಯೇ, ಮರೆಯಾದ ಕಡೆ ಇಡುತ್ತದೆ. ಕಾವು ಕೊಡುವುದು ಹೆಣ್ಣು ಮಾತ್ರ. ಸುಮಾರು 28 ದಿನ. ಸುದ್ದಿ ತಿಳಿದು ಕಾಕಾ ಗೋಡೆಯ ಆಚೆಯಿಂದಲೇ, “ಇನ್ನ ಐದು ಮಂದಿ ಹೆಚ್ಚಾದ್ರು ನೋಡ್ರಿ,” ಎಂದರು. ಕಾಳು ಹಾಕುವುದಿಲ್ಲವೆಂಬುದೇ ನಮ್ಮ ನಿಯಮ. ಆದರೆ ಗೂಡಿನ ಗೊಡವೆಗೆ ಹೋಗಬಾರದೆಂಬುದೂ ಅದೇ ನಿಯಮದ ಇನ್ನೊಂದು ಪಾರ್ಶ್ವ. ನಮ್ಮ ತಾಯಿಯವರು ಆ ಬಣವೆಯಿಂದ ಒಂದು ಕಟ್ಟಿಗೆಯನ್ನೂ ಎಳೆಯಲಿಲ್ಲ. ಮಳೆಯಲ್ಲಿ ತೊಯ್ದ ಬೇರೆ ಉರುವಲನ್ನು ಊದಿ ಊದಿ ಆ ತಿಂಗಳು ಅಡಿಗೆ ಮಾಡಿದರು. ನಾಯಿಯನ್ನು ಮುಂದಿನ ಅಂಗಳದಲ್ಲಿ ಕಟ್ಟಿದರು. ತಾಯಿ ನವಿಲಿಗೂ ಒಂದು ಕಾಳು ಹಾಕಲಿಲ್ಲ. ಅದು ದಿನಕ್ಕೊಮ್ಮೆ ಎದ್ದು, ಗೋಡೆ ಹಾರಿ, ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡು ಬರುತ್ತಿತ್ತು.

ಐದರಲ್ಲಿ ನಾಲ್ಕು ಮರಿಯಾದವು. ನವಿಲಿನ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಕಣ್ಣು ಬಿಟ್ಟು ತಾಯಿಯ ಹಿಂದೆ ನಡೆಯಬಲ್ಲದು. ಅದೊಂದು ಭಾನುವಾರ, ನಾವೂ ಊರಿನಲ್ಲಿದ್ದೆವು. ಹಿತ್ತಿಲಿನ ಬಾಗಿಲನ್ನು ತೆರೆದಿಟ್ಟು ಎಲ್ಲರೂ ಒಳಗೆ ನಿಂತೆವು. ತಾಯಿ ಮುಂದೆ, ನಾಲ್ಕು ಕಂದುಬಣ್ಣದ ಉಂಡೆಗಳು ಹಿಂದೆ, ಬಲೆ ಹೊದಿಸಿದ ಮೆಂತ್ಯೆಯ ಮಡಿಯನ್ನು ಬಳಸಿಕೊಂಡು, ಬಾಗಿಲು ದಾಟಿ ಹಳ್ಳದ ದಾರಿ ಹಿಡಿದವು. ಕಾಕಾ ತಮ್ಮ ಬದುವಿನ ಮೇಲೆ ನಿಂತು ಎಣಿಸುತ್ತಿದ್ದರು. ಅವು ಪೊದೆಯಲ್ಲಿ ಮರೆಯಾದ ಮೇಲೆ ಇತ್ತ ತಿರುಗಿ, “ಬದುಕ್ಲಿ ಬಿಡ್ರಿ ಮಾಸ್ತರ. ಆದ್ರ ಬ್ಯಾಲಿ ಮಾತ್ರ ಗಟ್ಟಿ ಇರ್ಲಿ,” ಎಂದರು. ನವಿಲಿನ ವಿಷಯದಲ್ಲಿ ನಾವು ಕೇಳಿದ ಬುದ್ಧಿವಾದಗಳಲ್ಲಿ ಇದಕ್ಕಿಂತ ಚೆನ್ನಾದುದು ಇನ್ನೊಂದಿಲ್ಲ.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಮೀಸಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರ್ಕೇಡಿಯವೆಂಬ ಪಟ್ಟಣವಿದೆ. ಅಲ್ಲಿಯ ಒಬ್ಬ ಸಿರಿವಂತರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ತಂದು ಸಾಕಿದ ನವಿಲುಗಳು ಹೆಚ್ಚಿ, ಬೀದಿಬೀದಿಗಳಲ್ಲಿ ತಿರುಗತೊಡಗಿದವು. ಕೆಲವರಿಗೆ ಅವು ಊರಿನ ಶೋಭೆ, ಕೆಲವರಿಗೆ ನಿದ್ದೆಗೇಡು. 2021ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತ ಮಂಡಲಿಯವರು ಈ ಜಗಳಕ್ಕೆ ಪರಿಹಾರವೆಂದು ಮುಂದಿಟ್ಟುದು ಏನೆಂದು ಬಲ್ಲಿರಾ? ನವಿಲಿಗೆ ತಿನಿಸು ಹಾಕುವುದನ್ನು ನಿಷೇಧಿಸುವ ನಿಯಮವನ್ನು. ನಮ್ಮ ತಾಯಿಯವರು ಹಿತ್ತಿಲಿನ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೂ ಅದಕ್ಕೂ ಬಹಳ ದೂರವಿಲ್ಲ.

ನವಿಲನ್ನು ಕಣ್ತುಂಬ ಕಾಣಬೇಕೆಂಬವರಿಗೆ ನಮ್ಮ ನಾಡಿನಲ್ಲಿ ಬೇರೆ ಸ್ಥಳಗಳುಂಟು. ಮಂಡ್ಯ ಜಿಲ್ಲೆಯ ಆದಿಚುಂಚನಗಿರಿ 1981ರಲ್ಲಿ ನವಿಲುಧಾಮವಾಯಿತು. ಹಾವೇರಿ ಜಿಲ್ಲೆಯ ಬಂಕಾಪುರದ ಹಳೆಯ ಕೋಟೆ 2006ರಿಂದ ನವಿಲುಗಳ ರಕ್ಷಿತ ಪ್ರದೇಶ. ಖಿಲಾರಿ ದನಗಳನ್ನು ಸಾಕುವ ಆ ಕೋಟೆಯೊಳಗಣ 139 ಎಕರೆಯ ಪೊದೆ ಬಯಲುಗಳಲ್ಲಿ ಅವು ತಮ್ಮ ಪಾಡಿಗೆ ತಾವು ಮೇಯುತ್ತವೆ. ಅಲ್ಲಿ ಹೋಗಿ, ದೂರ ನಿಂತು, ನೋಡಿ ಬರುವುದು ಒಳ್ಳೆಯದು. ಹಳ್ಳಿಯ ಹಿತ್ತಿಲನ್ನು ಧಾಮವನ್ನಾಗಿ ಮಾಡಹೊರಟರೆ, ಅದರ ಬಾಡಿಗೆಯನ್ನು ತೆರುವವನು ಗೋಡೆಯಾಚೆಯ ರೈತ.

ಪಟ್ಟಣದಲ್ಲಿ ನೆಲೆಸಿ ಊರಿನಲ್ಲಿ ಮನೆಯುಳ್ಳ ನಮ್ಮಂತಹವರಿಗೆ ಹೇಳಬೇಕಾದ ಮಾತು ಇಷ್ಟೆ. ನವಿಲು ನಮ್ಮ ಅತಿಥಿಯೂ ಅಲ್ಲ, ಕಳ್ಳನೂ ಅಲ್ಲ. ಅತಿಥಿಯೆಂದು ಬಗೆದು ನಾವು ಎಲೆ ಹಾಕಿದೆವು. ಕಳ್ಳನೆಂದು ಬಗೆದು ಕಾಕಾ ವಿಷ ನೆನೆಸಿದರು. ಎರಡರಿಂದಲೂ ಕೇಡು ಬರುವುದಿತ್ತು. ಅದು ನಮ್ಮ ನೆರೆಯದು. ನೆರೆಯವರೊಡನೆ ಹೇಗೆ ಬಾಳಬೇಕೆಂಬುದು ಹಳ್ಳಿಯವರಿಗೆ ಹೊಸ ವಿದ್ಯೆಯಲ್ಲ. ಬೇಲಿಯನ್ನು ಗಟ್ಟಿಯಾಗಿಟ್ಟುಕೊಳ್ಳುವುದು, ಅವರ ಮಕ್ಕಳಿಗೆ ಕೇಡು ಬಗೆಯದಿರುವುದು, ನಮ್ಮ ಸಂತೋಷದ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯದಿರುವುದು. ಈ ವರ್ಷವೂ ನಮ್ಮ ಹಿತ್ತಿಲಿನ ಒಂದು ಮಡಿ ರಾಜಗಿರಿಯನ್ನು ಅವು ತಿಂದುಹೋದವು. ಬಲೆಯ ಒಂದು ಅಂಚಿನ ಕಲ್ಲು ಸರಿದಿತ್ತು, ತಪ್ಪು ನಮ್ಮದೇ. ಬರುವ ಶನಿವಾರ ಊರಿಗೆ ಹೋದಾಗ ಮೊದಲ ಕೆಲಸ ಅದನ್ನು ಸರಿಪಡಿಸುವುದು.